ಮೂಗಿನ ಅಳತೆಯಿಂದ ಮುಖದ ಬಾಗಿಲಿಗೆ

2024ರ ಸೆಪ್ಟೆಂಬರ್ 6ರಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವ ಕಿಂಜರಾಪು ರಾಮಮೋಹನ ನಾಯ್ಡು ವಿಶಾಖಪಟ್ಟಣದ ವಿಮಾನ ನಿಲ್ದಾಣದಲ್ಲಿ ಡಿಜಿ ಯಾತ್ರಾ ವ್ಯವಸ್ಥೆಗೆ ಚಾಲನೆ ಕೊಟ್ಟರು. ಪಕ್ಕದ ಶ್ರೀಕಾಕುಳಂ ಅವರ ಕ್ಷೇತ್ರ. ಅಲ್ಲಿಂದಲೇ ಪಟ್ನಾ, ರಾಂಚಿ, ಕೊಯಮತ್ತೂರು, ಇಂದೋರ್ ಮೊದಲಾದ ಇನ್ನೂ ಎಂಟು ನಿಲ್ದಾಣಗಳಲ್ಲಿ ಅದು ಶುರುವಾಯಿತು. ವಿಜಯವಾಡಕ್ಕೆ, ಅಂದರೆ ಊರಾಚೆಯ ಗನ್ನವರಂ ನಿಲ್ದಾಣಕ್ಕೆ, ಈ ಬಾಗಿಲು ಒಂದೂವರೆ ವರ್ಷ ಮೊದಲೇ ಬಂದಿತ್ತು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭವಾದ ಮೇಲೆ ಎರಡನೆಯ ಸುತ್ತಿನಲ್ಲಿ ಕೋಲ್ಕತ್ತ, ಪುಣೆ, ಹೈದರಾಬಾದ್ ಜೊತೆ ವಿಜಯವಾಡದ ಹೆಸರೂ ಇತ್ತು. ಮುಂಬೈಗಿಂತ ಮೊದಲು ವಿಜಯವಾಡ!

ನಡೆಯುವುದು ಇಷ್ಟು. ಪ್ರಯಾಣಿಕರು ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳುತ್ತಾರೆ, ಆಧಾರ್ ಜೋಡಿಸುತ್ತಾರೆ, ಒಂದು ಸೆಲ್ಫಿ ತೆಗೆಯುತ್ತಾರೆ. ಆಧಾರಿನ ಫೋಟೊಗೂ ಸೆಲ್ಫಿಗೂ ತಾಳೆಯಾದರೆ ಗುರುತು ದೃಢವಾದಂತೆ. ಅದು ಫೋನಿನಲ್ಲಿ ಕೂರುತ್ತದೆ. ಹೊರಡುವ ಮುನ್ನ ಬೋರ್ಡಿಂಗ್ ಪಾಸನ್ನು ಆ್ಯಪಿಗೆ ಸೇರಿಸಿ ನಿಲ್ದಾಣಕ್ಕೆ ಕಳಿಸಬೇಕು. ಬಾಗಿಲಲ್ಲಿ ಕ್ಯಾಮೆರಾದ ಎದುರು ನಿಂತರೆ ಗಾಜಿನ ರೆಕ್ಕೆ ತೆರೆದುಕೊಳ್ಳುತ್ತದೆ. ಸಿಐಎಸ್ಎಫ್ ಜವಾನ ಆಧಾರ್ ಕಾರ್ಡನ್ನೂ ಮುಖವನ್ನೂ ಎರಡೆರಡು ಸಲ ನೋಡಿ ತಲೆಯಾಡಿಸುವ ಕೆಲಸ ಅಲ್ಲಿಲ್ಲ. ವಿಮಾನ ಹೊರಟ 24 ಗಂಟೆಯೊಳಗೆ ನಿಲ್ದಾಣದ ಬಳಿಯಿರುವ ಪ್ರತಿ ಅಳಿಸಿಹೋಗುತ್ತದೆ ಎಂಬುದು ವ್ಯವಸ್ಥೆ ನಡೆಸುವವರ ಮಾತು.

ಇದನ್ನು ಹೊಸ ಕಾಲದ ಹೊಸ ಯಂತ್ರ ಎಂದು ಹೇಳುವುದು ರೂಢಿ. ಯಂತ್ರವೇನೋ ಹೊಸದೇ. ಆದರೆ ಮುಖವನ್ನು ಅಂಕಿಗಳಾಗಿ ಒಡೆದು, ಒಂದು ಮುಖಕ್ಕೂ ಇನ್ನೊಂದಕ್ಕೂ ಎಷ್ಟು ದೂರ ಎಂದು ಲೆಕ್ಕ ಹಾಕುವ ಗಣಿತ ಹಳೆಯದು. ಅದರ ಒಂದು ಮುಖ್ಯ ಎಳೆ ಹೂವಿನ ಹಡಗಲಿಯಲ್ಲಿ ಹುಟ್ಟಿ, ಕೃಷ್ಣಾ ಸೀಮೆಯ ಶಾಲೆಗಳಲ್ಲಿ ಓದಿ, ವಿಶಾಖಪಟ್ಟಣದಲ್ಲಿ ಎಂಎ ಮುಗಿಸಿದ ಒಬ್ಬರ ಕೈಯಿಂದ ಹಾದುಬಂದದ್ದು. ಆ ಎಳೆಯನ್ನು ಹಿಡಿದು ಹಿಂದಕ್ಕೆ ಹೋದರೆ ಮೊದಲು ಸಿಗುವುದು ವಿಮಾನವಲ್ಲ, ಮೂಗು.

*

ಕನ್ನಡದ ‘ಗುರುತು’, ತೆಲುಗಿನ ‘ಗುರ್ತು’ ಒಂದೇ ಪದ. ತೆಲುಗಿನಲ್ಲಿ ಅದಕ್ಕೆ ನೆನಪು ಎಂಬ ಅರ್ಥವೂ ಇದೆ, ‘ಗುರ್ತುಂದಾ?’ ಎಂದರೆ ನೆನಪಿದೆಯಾ ಎಂದು ಕೇಳಿದಂತೆ. ಗುರುತಿಸುವುದೆಂದರೆ ಹಿಂದೆ ಕಂಡದ್ದನ್ನು ನೆನಪಿಟ್ಟುಕೊಂಡಿರುವುದು. ಊರಿನ ಶಾನುಭೋಗನಿಗೆ ಎಲ್ಲರ ಮುಖ ನೆನಪಿರುತ್ತಿತ್ತು. ಸರ್ಕಾರಕ್ಕೆ ನೆನಪಿರುವುದಿಲ್ಲ, ಅದು ಬರೆದಿಡಬೇಕು. ಹಾಗಾಗಿಯೇ ಪಾರಸಿಯಿಂದ ಬಂದ ‘ಚಹರೆ’ ನಮ್ಮ ಕಚೇರಿಗಳಲ್ಲಿ ಬರೀ ಮುಖವಾಗಿ ಉಳಿಯದೆ ‘ಚಹರೆ ಪಟ್ಟಿ’ಯಾಯಿತು: ಎತ್ತರ, ಮೈಬಣ್ಣ, ಕಣ್ಣು, ಮಚ್ಚೆ. ಆಂಧ್ರದ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಎರಡು ಹುಟ್ಟುಮಚ್ಚೆ ಬರೆಸುವ ಪದ್ಧತಿಯನ್ನು ಬಲ್ಲವರು ಬಹಳ ಜನ. ಮಚ್ಚೆ ಸಿಗದ ಮಕ್ಕಳ ಕೈ ತಿರುವಿ ಹುಡುಕುವ ಮೇಷ್ಟರೂ ಇದ್ದರು. ಮೊದಲನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಫೋಟೊದ ಜೊತೆಗೆ ಹಣೆ, ಮೂಗು, ಬಾಯಿ, ಗಲ್ಲಗಳ ವರ್ಣನೆಗೂ ಸಾಲುಗಳಿದ್ದವು.

ವರ್ಣನೆಯನ್ನು ಅಳತೆಗೆ ತಿರುಗಿಸಿದ್ದು ಪ್ಯಾರಿಸ್ಸಿನ ಪೊಲೀಸ್ ಗುಮಾಸ್ತ ಆಲ್ಫೋನ್ಸ್ ಬರ್ಟಿಯೋ. 1880ರ ದಶಕದಲ್ಲಿ ಆತ ಕೈದಿಗಳ ತಲೆ, ಕಿವಿ, ಬೆರಳು, ಪಾದಗಳನ್ನು ಅಳೆದು ಕಾರ್ಡುಗಳಲ್ಲಿ ಜೋಡಿಸಿದ. ಭಾರತಕ್ಕೂ ಆ ಪದ್ಧತಿ ಬಂತು, ಆದರೆ ಪೊಲೀಸರ ನಡುವೆ ಬಾಳಲಿಲ್ಲ. ಕೈಗೊಬ್ಬರಂತೆ ಅಳತೆ ಬದಲಾಗುತ್ತಿತ್ತು. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ರೂಪಿಸಿದ ವರ್ಗೀಕರಣಕ್ಕೆ ಅವರ ಸಾಹೇಬ ಎಡ್ವರ್ಡ್ ಹೆನ್ರಿಯ ಹೆಸರು ಬಿತ್ತು. ಈ ಬಗೆಯ ನಾಮಕರಣ ಮುಂದೆಯೂ ಒಮ್ಮೆ ಬರಲಿದೆ.

ಪೊಲೀಸರು ಬಿಟ್ಟ ಅಳತೆಪಟ್ಟಿಯನ್ನು ಜನಾಂಗಶಾಸ್ತ್ರಜ್ಞರು ಬಿಡಲಿಲ್ಲ. ಬಂಗಾಳದಲ್ಲಿ ಹರ್ಬರ್ಟ್ ರಿಸ್ಲೆ ಮೂಗಿನ ಅಗಲಕ್ಕೂ ಜಾತಿಯ ಮೇಲು-ಕೀಳಿಗೂ ನೇರ ನಂಟು ಹೇಳಿದ: ಮೂಗು ಅಗಲವಾದಷ್ಟೂ ಅಂತಸ್ತು ಕೆಳಗೆ. ದಕ್ಷಿಣದಲ್ಲಿ ಈ ಕೆಲಸ ಮದರಾಸು ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಪಾಲಿಗೆ ಬಂತು. ಸಹಾಯಕ ಕೆ. ರಂಗಾಚಾರಿಯವರೊಡನೆ ಆತ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳ ‘ಕ್ಯಾಸ್ಟ್ಸ್ ಆ್ಯಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ ಈಗಲೂ ಜಾತಿ ಇತಿಹಾಸ ಬರೆಯುವವರ ಮೇಜಿನ ಮೇಲಿದೆ. ಅದರಲ್ಲಿ ಕಥೆಗಳ ನಡುವೆ ಅಳತೆಯ ಕೋಷ್ಟಕಗಳಿವೆ, ಮೂಗಿನ ಅಗಲ-ಉದ್ದಗಳ ಅನುಪಾತವಿದೆ. ಥರ್ಸ್ಟನ್ ತಾನೇ ಹೇಳಿಕೊಳ್ಳುವ ಒಂದು ಪ್ರಸಂಗ: ವಯನಾಡಿನ ಪಣಿಯ ಹೆಂಗಸರು ಅಳತೆಗೆ ಹೆದರಿದರು, ತಮ್ಮಲ್ಲಿ ಚೆನ್ನಾಗಿ ಕಂಡವರನ್ನು ಹುಲ್ಲು ತುಂಬಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾರೆ ಎಂದುಕೊಂಡರು. ಆತನಿಗೆ ಅದು ನಗೆಯ ವಿಷಯ. ಕಾಲಿಪರ್ ಹಿಡಿದು ಬಂದ ಸರ್ಕಾರಿ ಮನುಷ್ಯ ತಮ್ಮನ್ನು ಏನು ಮಾಡಬಹುದು ಎಂಬ ಅವರ ಅಂದಾಜು ಮಾತ್ರ ಪೂರ್ತಿ ತಪ್ಪಾಗಿರಲಿಲ್ಲ.

ಯಾಕೆಂದರೆ ಆ ಪುಸ್ತಕ ಹೊರಬಂದ ಎರಡೇ ವರ್ಷಕ್ಕೆ, 1911ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮದರಾಸು ಪ್ರಾಂತ್ಯಕ್ಕೂ ಬಂತು. ಒಂದು ಸಮುದಾಯವನ್ನು ಸರ್ಕಾರ ಪಟ್ಟಿಗೆ ಹಾಕಿದರೆ ಅದರ ಸದಸ್ಯರು ಬೆರಳಚ್ಚು ಕೊಡಬೇಕು, ಹೊತ್ತು ಹೊತ್ತಿಗೆ ಹಾಜರಿ ಹಾಕಬೇಕು, ಅನುಮತಿಯಿಲ್ಲದೆ ಗೊತ್ತುಪಡಿಸಿದ ಜಾಗ ಬಿಟ್ಟು ಹೋಗಬಾರದು. ವಿಜಯವಾಡದಿಂದ ಮದರಾಸಿನ ಕಡೆಗೆ ಹೋಗುವ ರೈಲು ಹಾದಿಯಲ್ಲಿ, ಬಾಪಟ್ಲ ಮತ್ತು ಚೀರಾಲಗಳ ನಡುವೆ, ಸ್ಟುವರ್ಟ್‌ಪುರಂ ಎಂಬ ಊರಿದೆ. ಯೆರುಕಲರನ್ನು ನೆಲೆ ನಿಲ್ಲಿಸಲು ಸಾಲ್ವೇಷನ್ ಆರ್ಮಿಯ ಮೇಲ್ವಿಚಾರಣೆಯಲ್ಲಿ ಕಟ್ಟಿದ ವಸಾಹತು ಅದು. ಹೆಸರು ಮದರಾಸು ಸರ್ಕಾರದ ಅಧಿಕಾರಿ ಹೆರಾಲ್ಡ್ ಸ್ಟುವರ್ಟ್‌ನದು. ಯೆರುಕಲರು ಎಂದರೆ ಕನ್ನಡ ನಾಡಿನಲ್ಲಿ ಕೊರಮ, ಕೊರಚ, ಕೊರವ ಎಂದು ಕರೆಸಿಕೊಳ್ಳುವವರ ಬಂಧುಗಳು. ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದವರ ವ್ಯಾಪಾರವನ್ನು ರೈಲು ಮತ್ತು ಉಪ್ಪಿನ ಕಾನೂನು ಕಸಿದ ಮೇಲೆ ತಿರುಗಾಟವೇ ಅಪರಾಧವಾಯಿತು. ದೇಶದಾದ್ಯಂತ ಈ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ.

ಮೈಯ ಗುರುತು ಕೊಟ್ಟರೆ ಮಾತ್ರ ಪಯಣ ಎಂಬ ನಿಯಮ ಆಂಧ್ರದ ಕರಾವಳಿಗೆ ಮೊದಲು ಬಂದದ್ದು ಹೀಗೆ. ಡಿಜಿ ಯಾತ್ರೆಯನ್ನು ಇದರೊಂದಿಗೆ ಸರಿದೂಗಿಸಿದರೆ ಅತಿಯಾಗುತ್ತದೆ. ಅಲ್ಲಿ ಬೇಡವೆನ್ನುವ ಹಕ್ಕಿರಲಿಲ್ಲ, ಇಲ್ಲಿ ಇದೆ, ಕಾಗದದ ಮೇಲಾದರೂ. ಆದರೆ ಸ್ಟುವರ್ಟ್‌ಪುರಂನ ಹಾಜರಿಪುಸ್ತಕವನ್ನು ಬಿಟ್ಟು ಗನ್ನವರಂನ ಗಾಜಿನ ಬಾಗಿಲಿನ ಚರಿತ್ರೆ ಹೇಳಿದರೆ ಅದು ಅರ್ಧ ಚರಿತ್ರೆ.

*

1920ರಲ್ಲಿ ನಾಗಪುರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಆ್ಯನಂಡೇಲ್ ಒಬ್ಬ ಯುವ ಭೌತವಿಜ್ಞಾನದ ಅಧ್ಯಾಪಕರಿಗೆ ಒಂದು ಕೆಲಸ ಹಚ್ಚಿದರು. ಕಲ್ಕತ್ತದ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳು ತಮ್ಮ ಬಳಿ ಇವೆ, ನೋಡುತ್ತೀರಾ ಎಂದರು. ಆ ಅಧ್ಯಾಪಕ ಪ್ರಶಾಂತಚಂದ್ರ ಮಹಲನೋಬಿಸ್. ಒಂದು ಗುಂಪಿಗೂ ಇನ್ನೊಂದಕ್ಕೂ ಎಷ್ಟು ದೂರ ಎಂಬ ಪ್ರಶ್ನೆ ಅವರ ತಲೆಯೊಳಗೆ ಹೊಕ್ಕಿತು, 1936ರಲ್ಲಿ ಒಂದು ಸೂತ್ರವಾಗಿ ಹೊರಬಂತು. ಈಗ ಜಗತ್ತೆಲ್ಲ ಮಹಲನೋಬಿಸ್ ದೂರ ಎನ್ನುವುದು ಅದನ್ನೇ.

ಸೂತ್ರದ ತಿರುಳು ದರ್ಜಿಗೂ ಗೊತ್ತಿರುವಂಥದ್ದು. ಉದ್ದವಿರುವವರ ಕಾಲೂ ಉದ್ದ, ತೋಳೂ ಉದ್ದ. ಇಬ್ಬರ ನಡುವೆ ಎತ್ತರದಲ್ಲಿ ನಾಲ್ಕು ಅಂಗುಲ, ಕಾಲಿನಲ್ಲಿ ಎರಡು, ತೋಳಿನಲ್ಲಿ ಒಂದೂವರೆ ಎಂದು ಕೂಡುತ್ತ ಹೋದರೆ ಒಂದೇ ವ್ಯತ್ಯಾಸವನ್ನು ಮೂರು ಸಲ ಎಣಿಸಿದಂತಾಗುತ್ತದೆ. ಅಳತೆಗಳು ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆ ಎಂದು ಮೊದಲು ನೋಡಿ, ಆ ಅಂಟನ್ನು ಕಳೆದು, ಉಳಿದ ನಿಜವಾದ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಪ್ರತಿ ಮನುಷ್ಯನೂ ಅಳತೆಗಳ ಆಕಾಶದಲ್ಲಿ ಒಂದು ಚುಕ್ಕೆ. ಇಬ್ಬರ ನಡುವಿನ ಹೋಲಿಕೆ ಎಂದರೆ ಎರಡು ಚುಕ್ಕೆಗಳ ನಡುವಿನ ದೂರ.

ಮಹಲನೋಬಿಸ್ ರಿಸ್ಲೆಯ ಶಿಷ್ಯನಂತೆ ಕುರುಡಾಗಿ ಅಳೆಯಲಿಲ್ಲ ಎಂಬುದನ್ನೂ ಹೇಳಬೇಕು. ರಿಸ್ಲೆಯ ಬಂಗಾಳದ ಅಂಕಿಗಳನ್ನು ಪರಿಷ್ಕರಿಸಿ ಅದರೊಳಗಿನ ತಪ್ಪುಗಳನ್ನು 1933ರಲ್ಲೇ ಅವರು ಪ್ರಕಟಿಸಿದರು. ಆದರೂ ಕೇಳುತ್ತಿದ್ದ ಪ್ರಶ್ನೆ ಅದೇ ಮನೆಯದು: ಯಾವ ಜಾತಿ ಯಾವುದಕ್ಕೆ ಹತ್ತಿರ?

ಈ ಮನೆಗೆ 1941ರ ಜನವರಿಯಲ್ಲಿ ಕಲ್ಯಂಪೂಡಿ ರಾಧಾಕೃಷ್ಣ ರಾವ್ ಬಂದರು.

ಸಿ.ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಮನೆಮಾತು ತೆಲುಗು. ಎಂಟನೆಯ ಮಗುವಾದ್ದರಿಂದ ದೇವಕಿಯ ಎಂಟನೆಯ ಮಗನ ಹೆಸರಿಟ್ಟರು. ತಂದೆ ಪೊಲೀಸ್ ಇನ್‌ಸ್ಪೆಕ್ಟರ್. ವರ್ಗವಾದಂತೆಲ್ಲ ಮನೆ ಎತ್ತಬೇಕು. ಹೀಗೆ ಗೂಡೂರು, ನೂಜಿವೀಡು, ನಂದಿಗಾಮ, ಕೊನೆಗೆ ವಿಶಾಖಪಟ್ಟಣಗಳಲ್ಲಿ ಓದು ಸಾಗಿತು. ನೂಜಿವೀಡು ಮತ್ತು ನಂದಿಗಾಮ ಎರಡೂ ವಿಜಯವಾಡದ ಸುತ್ತಲಿನ ಊರುಗಳೇ. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಎಣ್ಣೆದೀಪ ಹಚ್ಚಿಕೊಡುತ್ತಿದ್ದ ತಾಯಿ ಲಕ್ಷ್ಮೀಕಾಂತಮ್ಮನವರಿಗೆ ರಾವ್ ಮುಂದೆ ತಮ್ಮ ಒಂದು ಪುಸ್ತಕವನ್ನು ಅರ್ಪಿಸಿದರು.

ಅವರು ಓದಿದ ಆಂಧ್ರ ವಿಶ್ವವಿದ್ಯಾಲಯದ ಚರಿತ್ರೆಯಲ್ಲೂ ಈ ಎರಡು ಊರುಗಳಿವೆ. 1926ರಲ್ಲಿ ಅದು ಹುಟ್ಟಿದ್ದು ಬೆಜವಾಡದಲ್ಲಿ, ಅಂದರೆ ವಿಜಯವಾಡದಲ್ಲಿ. 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ ಅದಕ್ಕೆ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದವರು, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ರಾವ್ 1940ರಲ್ಲಿ ಗಣಿತದ ಎಂಎ ಮುಗಿಸಿದಾಗ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಸೈನ್ಯದ ಸರ್ವೆ ವಿಭಾಗದ ಕೆಲಸ ಹುಡುಕಿಕೊಂಡು ಕಲ್ಕತ್ತಕ್ಕೆ ಹೋದರು. ಆ ಕೆಲಸ ಸಿಗಲಿಲ್ಲ. ಅಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಎಂಬ ಜಾಗ ಇರುವುದು ಗೊತ್ತಾಗಿ ಸೇರಿಕೊಂಡರು.

ಅಲ್ಲಿ ಅವರ ಮುಂದೆ ಬಂದದ್ದು ಸಂಯುಕ್ತ ಪ್ರಾಂತ್ಯದ, ಈಗಿನ ಉತ್ತರ ಪ್ರದೇಶದ, ಇಪ್ಪತ್ತಕ್ಕೂ ಹೆಚ್ಚು ಜಾತಿ-ಬುಡಕಟ್ಟುಗಳ ಜನರ ಅಳತೆಗಳ ರಾಶಿ. ಮಾನವಶಾಸ್ತ್ರಜ್ಞ ಡಿ.ಎನ್. ಮಜುಂದಾರ್ 1941ರಲ್ಲಿ ಅಳೆದು ತಂದದ್ದು. ಮಹಲನೋಬಿಸ್, ಮಜುಂದಾರ್, ರಾವ್ ಮೂವರ ಹೆಸರಿನಲ್ಲಿ ಅದರ ವಿಶ್ಲೇಷಣೆ 1949ರಲ್ಲಿ ಪ್ರಕಟವಾಯಿತು. ನಡುವೆ 1946ರಲ್ಲಿ ಕೇಂಬ್ರಿಜ್ಜಿನಿಂದ ಕರೆ ಬಂತು. ಔಷಧ ಕಂಪನಿಯ ಒಡೆಯ ಹೆನ್ರಿ ವೆಲ್ಕಮ್ 1911ರಿಂದ 1914ರವರೆಗೆ ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆಸಿ ತಂದ ಅಸ್ಥಿಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದವು. ಆ ತಲೆಬುರುಡೆಗಳು ಯಾವ ಜನರಿಗೆ ಹತ್ತಿರ ಎಂದು ಮಹಲನೋಬಿಸ್ ಸೂತ್ರದಿಂದ ಹೇಳಬಲ್ಲವರು ಬೇಕಿತ್ತು. ರಾವ್ ಹೋದರು. ಹಗಲು ಬುರುಡೆ, ಮಿಕ್ಕ ಹೊತ್ತು ಆರ್.ಎ. ಫಿಶರ್ ಬಳಿ ಸಂಶೋಧನೆ. 1948ರಲ್ಲಿ ಪಿಎಚ್‌ಡಿ.

ಅದೇ 1948ರಲ್ಲಿ ಅವರು ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನವೇ ಈ ಕಥೆಯ ಗಂಟು. ಫಿಶರ್ 1936ರಲ್ಲಿ ಐರಿಸ್ ಹೂಗಳ ಎಸಳುಗಳ ಅಳತೆಗಳನ್ನು ಬಳಸಿ, ಒಂದು ಜಾತಿಯ ಹೂವನ್ನು ಇನ್ನೊಂದರಿಂದ ಬೇರ್ಪಡಿಸುವ ದಾರಿ ತೋರಿಸಿದ್ದರು. ಎರಡು ಗುಂಪಿಗೆ ಹೊಂದುತ್ತಿದ್ದ ಆ ದಾರಿಯನ್ನು ರಾವ್ ಎಷ್ಟು ಗುಂಪುಗಳಿಗಾದರೂ ಹೊಂದುವಂತೆ ಹಿಗ್ಗಿಸಿದರು. ಒಂದೇ ಗುಂಪಿನೊಳಗಿನವರು ತಮ್ಮತಮ್ಮಲ್ಲಿ ಎಷ್ಟು ಬೇರೆ, ಗುಂಪು ಗುಂಪುಗಳು ಒಂದರಿಂದೊಂದು ಎಷ್ಟು ಬೇರೆ, ಎಂಬ ಎರಡು ಬಗೆಯ ವ್ಯತ್ಯಾಸವನ್ನು ಬೇರೆ ಬೇರೆಯಾಗಿ ಅಳೆ. ಮೊದಲನೆಯದು ಚಿಕ್ಕದಾಗಿಯೂ ಎರಡನೆಯದು ದೊಡ್ಡದಾಗಿಯೂ ಕಾಣುವ ಕೋನದಲ್ಲಿ ನಿಂತು ನೋಡು. ಹೊಸಬನೊಬ್ಬ ಬಂದರೆ ಆ ಕೋನದಿಂದ ಅವನು ಯಾರ ಬಳಿ ನಿಂತಂತೆ ಕಾಣುತ್ತಾನೋ ಅವರವನು.

ಲೇಖನದಲ್ಲಿ ರಾವ್ ಕೊಟ್ಟ ಉದಾಹರಣೆ ಹೂವಿನದಲ್ಲ. ಬ್ರಾಹ್ಮಣರು, ಕುಶಲಕರ್ಮಿ ಜಾತಿಯವರು, ಕೊರ್ವಾ ಬುಡಕಟ್ಟಿನವರು, ಹೀಗೆ ಮೂರು ಗುಂಪು. (ಈ ಕೊರ್ವಾ ಉತ್ತರದವರು, ಹೆಸರು ಹತ್ತಿರವಿದ್ದರೂ ನಮ್ಮ ಕೊರವರಲ್ಲ.) ನಾಲ್ಕು ಅಳತೆ: ನಿಂತ ಎತ್ತರ, ಕೂತ ಎತ್ತರ, ಮೂಗಿನ ಆಳ, ಮೂಗಿನ ಎತ್ತರ. ಈ ನಾಲ್ಕು ಅಂಕಿಗಳನ್ನು ಕೊಟ್ಟರೆ ಮನುಷ್ಯನನ್ನು ಮೂರರಲ್ಲಿ ಯಾವ ಗುಂಪಿಗೆ ಸೇರಿಸಬೇಕು ಎಂದು ಸೂತ್ರ ಹೇಳುತ್ತದೆ. ಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳು ಈ ಉದಾಹರಣೆಯನ್ನು ಹಾಗೇ ಎತ್ತಿಕೊಂಡವು. ಅಮೆರಿಕದ ವಿದ್ಯಾರ್ಥಿಗಳು ತಲೆಮಾರುಗಟ್ಟಲೆ ಈ ಮೂಗುಗಳ ಮೇಲೆ ಲೆಕ್ಕ ಮಾಡಿದರು. ‘ಮುಖ ನೋಡಿ ಮಣೆ ಹಾಕು’ ಎಂಬ ಗಾದೆಗೆ ಇದಕ್ಕಿಂತ ಕರಾರುವಾಕ್ಕಾದ ಸೂತ್ರ ಯಾರೂ ಬರೆದಿಲ್ಲ.

ರಾವ್ ಮಣೆ ಹಾಕುವವರಾಗಿರಲಿಲ್ಲ. ಕೈಯಲ್ಲಿದ್ದ ಅಂಕಿಗಳು ಅವು, ಹಾಗಾಗಿ ಬಳಸಿದರು. ಆದರೆ ಆ ಅಂಕಿಗಳು ಕೈಯಲ್ಲಿ ಯಾಕಿದ್ದವು ಎಂದು ಕೇಳಿದರೆ ಉತ್ತರ ರಿಸ್ಲೆ ಮತ್ತು ಥರ್ಸ್ಟನ್ನರ ಹತ್ತಿರ ಹೋಗಿ ನಿಲ್ಲುತ್ತದೆ. ಪ್ರಕಟವಾದ ಕೋಷ್ಟಕಗಳಲ್ಲಿ ಜಾತಿಯ ಹೆಸರಿದೆ, ಸರಾಸರಿಯಿದೆ. ಅಳೆಸಿಕೊಂಡ ಯಾರ ಹೆಸರೂ ಇಲ್ಲ. ಬೇಕಿದ್ದದ್ದು ಗುಂಪು. ಒಬ್ಬೊಬ್ಬರನ್ನು ಹೆಸರು ಹಿಡಿದು ಗುರುತಿಸುವ ಆಸೆ ಈ ಗಣಿತಕ್ಕೆ ಇನ್ನೂ ಹುಟ್ಟಿರಲಿಲ್ಲ.

*

ಆ ಆಸೆ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1964ರಿಂದ ವುಡ್ರೋ ಬ್ಲೆಡ್ಸೋ ಮತ್ತು ಸಂಗಡಿಗರು ಫೋಟೊಗಳಲ್ಲಿನ ಕಣ್ಣಿನ ಮೂಲೆ, ಬಾಯಿಯ ತುದಿಗಳನ್ನು ಕೈಯಿಂದ ಗುರುತು ಹಾಕಿ, ಅವುಗಳ ನಡುವಿನ ಇಪ್ಪತ್ತು ದೂರಗಳನ್ನು ಕಂಪ್ಯೂಟರಿಗೆ ತಿನ್ನಿಸಿದರು. ಹಣ ಕೊಟ್ಟದ್ದು ಒಂದು ಗುಪ್ತಚರ ಸಂಸ್ಥೆ. 1973ರಲ್ಲಿ ಕ್ಯೋಟೋದ ತಕೆಯೋ ಕನಾಡೆ ಕೈಗುರುತಿಲ್ಲದೆ ಕಂಪ್ಯೂಟರೇ ಕಣ್ಣು-ಮೂಗು ಹುಡುಕುವಂತೆ ಮಾಡಿದರು. 1991ರಲ್ಲಿ ಎಂಐಟಿಯ ಮ್ಯಾಥ್ಯೂ ಟರ್ಕ್ ಮತ್ತು ಅಲೆಕ್ಸ್ ಪೆಂಟ್‌ಲ್ಯಾಂಡ್ ಮೂಗು-ಬಾಯಿಯ ಅಳತೆಯನ್ನೇ ಬಿಟ್ಟು ಇಡೀ ಚಿತ್ರವನ್ನು ಚುಕ್ಕೆಯಾಗಿ ನೋಡುವ ವಿಧಾನ ತಂದರು. ಅದಕ್ಕೊಂದು ತೊಡಕಿತ್ತು: ಬೆಳಕು ಬದಲಾದರೆ ಒಬ್ಬರದೇ ಎರಡು ಫೋಟೊಗಳು ಬೇರೆ ಇಬ್ಬರ ಫೋಟೊಗಳಿಗಿಂತ ದೂರವಾಗಿ ಕಾಣುತ್ತಿದ್ದವು.

ಇಲ್ಲಿ ಹಡಗಲಿಯ ಎಳೆ ಮರಳಿ ಬರುತ್ತದೆ. 1997ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬೆಲ್‌ಹ್ಯೂಮರ್, ಹೆಸ್ಪಾನಾ, ಕ್ರೀಗ್‌ಮನ್ ಎಂಬ ಮೂವರು ರಾವ್ ಹಿಗ್ಗಿಸಿದ ಸೂತ್ರವನ್ನು ಮುಖಗಳಿಗೆ ಹಚ್ಚಿದರು. ಬದಲಾವಣೆ ಒಂದೇ. ‘ಗುಂಪು’ ಎಂದಿದ್ದ ಕಡೆ ‘ವ್ಯಕ್ತಿ’. ಒಬ್ಬ ಮನುಷ್ಯನ ಬೇರೆ ಬೇರೆ ಫೋಟೊಗಳೇ ಒಂದು ಗುಂಪು. ಅವುಗಳೊಳಗಿನ ವ್ಯತ್ಯಾಸ ಬೆಳಕಿನದು, ನಗುವಿನದು, ಕನ್ನಡಕದ್ದು. ಅದನ್ನು ಕುಗ್ಗಿಸಿ, ಮನುಷ್ಯ ಮನುಷ್ಯರ ನಡುವಿನದನ್ನು ಹಿಗ್ಗಿಸು. ಬ್ರಾಹ್ಮಣ, ಕುಶಲಕರ್ಮಿ, ಕೊರ್ವಾ ನಿಂತಿದ್ದ ಜಾಗದಲ್ಲಿ ಈಗ ಒಬ್ಬೊಬ್ಬ ಪ್ರಯಾಣಿಕ. ಈ ವಿಧಾನಕ್ಕೆ ಬಿದ್ದ ಹೆಸರು ‘ಫಿಶರ್‌ಫೇಸಸ್’. ಅಜೀಜುಲ್ ಹಕ್‌ಗೆ ಆದದ್ದೇ ಇಲ್ಲೂ ಆಯಿತು, ಈ ಸಲ ಯಾರ ದುರುದ್ದೇಶವೂ ಇಲ್ಲದೆ.

ಇಂದಿನ ನಿಲ್ದಾಣಗಳ ಕ್ಯಾಮೆರಾದ ಹಿಂದಿರುವುದು 1997ರ ಸೂತ್ರವಲ್ಲ. 2014ರ ಸುಮಾರಿಗೆ ನರಜಾಲ ಮಾದರಿಯ ಕಲಿಕೆ ಹಳೆಯದನ್ನೆಲ್ಲ ಹಿಂದಕ್ಕೆ ಹಾಕಿತು. ಲಕ್ಷಗಟ್ಟಲೆ ಮುಖಗಳನ್ನು ನೋಡಿ ಯಂತ್ರ ತಾನೇ ಏನನ್ನು ಅಳೆಯಬೇಕೆಂದು ಕಲಿಯುತ್ತದೆ. ಗೂಗಲ್ಲಿನವರು 2015ರಲ್ಲಿ ವಿವರಿಸಿದ ಫೇಸ್‌ನೆಟ್ ಒಂದು ಮುಖವನ್ನು 128 ಅಂಕಿಗಳಿಗೆ ಇಳಿಸುತ್ತದೆ. ಆದರೆ ಕಲಿಸುವಾಗ ಕೊಡುವ ಪಾಠ ಹಳೆಯದೇ: ಒಬ್ಬರದೇ ಚಿತ್ರಗಳು ಹತ್ತಿರ ಬರಲಿ, ಬೇರೆಯವರವು ದೂರ ಸರಿಯಲಿ. ಕೊನೆಯ ಪ್ರಶ್ನೆಯೂ ಹಳೆಯದೇ, ದೂರ ಎಷ್ಟು. ಎಷ್ಟು ದೂರದೊಳಗಿದ್ದರೆ ‘ಇವರೇ’ ಎನ್ನಬೇಕು ಎಂಬ ಗೆರೆಯನ್ನು ಮಾತ್ರ ಗಣಿತ ಎಳೆಯುವುದಿಲ್ಲ, ಯಂತ್ರ ಇಟ್ಟವರು ಎಳೆಯುತ್ತಾರೆ. ಗೆರೆ ಸಡಿಲವಾದರೆ ಬೇರೆಯವರು ಒಳಗೆ ಬರುತ್ತಾರೆ, ಬಿಗಿಯಾದರೆ ನಿಜವಾದ ಪ್ರಯಾಣಿಕ ಹೊರಗೆ ನಿಲ್ಲುತ್ತಾನೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರ ಡಿಸೆಂಬರಿನಲ್ಲಿ ನೂರಕ್ಕೂ ಹೆಚ್ಚು ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಒಬ್ಬರನ್ನು ಇನ್ನೊಬ್ಬರೆಂದು ತಪ್ಪಾಗಿ ಒಪ್ಪುವ ಪ್ರಮಾಣ ಕೆಲವು ಜನಾಂಗಗಳಲ್ಲಿ ಇನ್ನು ಕೆಲವಕ್ಕಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ಎಂದು ಹಲವು ತಂತ್ರಾಂಶಗಳಲ್ಲಿ ಕಂಡುಬಂತು. ಜಾತಿ-ಜನಾಂಗಗಳನ್ನು ಬೇರ್ಪಡಿಸಲು ಹುಟ್ಟಿದ ಗಣಿತ ವ್ಯಕ್ತಿಗಳತ್ತ ತಿರುಗಿದ ಮೇಲೂ ಗುಂಪು ಬೆನ್ನು ಬಿಡಲಿಲ್ಲ.

ಗಡಿಗೆ ಮುಖವೇ ಯಾಕೆ? ಬೆರಳಚ್ಚು, ಕಣ್ಣಿನ ಪಾಪೆ ಇನ್ನೂ ಖಚಿತ. 2001ರ ಸೆಪ್ಟೆಂಬರ್ ದಾಳಿಗಳ ನಂತರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಈ ಪ್ರಶ್ನೆಯನ್ನು ತೂಗಿ, ಚಿಪ್ ಇರುವ ಪಾಸ್‌ಪೋರ್ಟಿಗೆ ಮುಖವನ್ನೇ ಮುಖ್ಯ ಗುರುತಾಗಿ ಆರಿಸಿತು. ಕಾರಣ ಬಹಳ ಸರಳ. ಪಾಸ್‌ಪೋರ್ಟಿಗೆ ಫೋಟೊ ಕೊಡುವುದು ಜನಕ್ಕೆ ಆಗಲೇ ರೂಢಿ, ಯಾರೂ ಹೊಸದಾಗಿ ಒಪ್ಪಬೇಕಿಲ್ಲ, ಮುಟ್ಟದೆಯೇ ತೆಗೆಯಬಹುದು, ಹಳೆಯ ಫೋಟೊಗಳ ಕಣಜ ಸರ್ಕಾರಗಳ ಬಳಿ ತುಂಬಿದೆ. ಮುಟ್ಟದೆ ತೆಗೆಯಬಹುದು ಎಂಬುದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದರೆ, ಕೇಳದೆಯೂ ತೆಗೆಯಬಹುದು.

*

ಭಾರತದಲ್ಲಿ ಈ ದಾರಿಯ ಹೆಚ್ಚಿನ ಭಾಗ ಬೆಂಗಳೂರಿನಿಂದ ಸಾಗಿತು. ಕೆಂಪೇಗೌಡ ನಿಲ್ದಾಣ 2018ರ ಸೆಪ್ಟೆಂಬರಿನಲ್ಲೇ ಪೋರ್ಚುಗಲ್ಲಿನ ವಿಷನ್-ಬಾಕ್ಸ್ ಕಂಪನಿಯೊಂದಿಗೆ ಮುಖ ನೋಡಿ ವಿಮಾನ ಹತ್ತಿಸುವ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಕೇಂದ್ರದ ಡಿಜಿ ಯಾತ್ರಾ ನೀತಿ ಹೊರಬಂತು. 2019ರಲ್ಲಿ ಅದನ್ನು ನಡೆಸಲು ಡಿಜಿ ಯಾತ್ರಾ ಫೌಂಡೇಷನ್ ಎಂಬ ಲಾಭರಹಿತ ಕಂಪನಿ ಹುಟ್ಟಿತು. ಸರ್ಕಾರಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ನೂರಕ್ಕೆ 26. ಉಳಿದ 74 ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ, ಕೊಚ್ಚಿ ನಿಲ್ದಾಣಗಳ ಕಂಪನಿಗಳದು. ಈ ಅಂಕಿಗಳು ಒಣ ವಿವರದಂತೆ ಕಂಡರೂ ನೆನಪಿಡಬೇಕಾದವು. ಫೌಂಡೇಷನ್ ಮಾಹಿತಿ ಹಕ್ಕು ಕಾಯ್ದೆಯಡಿ ತಾನು ಬರುವುದಿಲ್ಲ ಎನ್ನಲು ಆಧಾರ ಇದೇ ಪಾಲು ಹಂಚಿಕೆ. ಮುಖ ಕೊಟ್ಟ ಪ್ರಯಾಣಿಕ ಅದು 24 ಗಂಟೆಯಲ್ಲಿ ಅಳಿಸಿತೇ ಎಂದು ಹತ್ತು ರೂಪಾಯಿಯ ಅರ್ಜಿ ಹಾಕಿ ಕೇಳುವಂತಿಲ್ಲ.

ಕೇಳಬೇಕಾದ ಪ್ರಸಂಗ ಆಂಧ್ರದಲ್ಲೇ ಎದ್ದಿತು. ಮೊದಲ ಆ್ಯಪನ್ನು ಕಟ್ಟಿದ್ದು ಹೈದರಾಬಾದಿನ ಡೇಟಾಇವಾಲ್ವ್ ಎಂಬ ಸಂಸ್ಥೆ. ಅದೇ ಸಂಸ್ಥೆ ಆಂಧ್ರ ಪೊಲೀಸರಿಗೆ ಸಂಚಾರ ದಂಡದ ಇ-ಚಲನ್ ವ್ಯವಸ್ಥೆಯನ್ನೂ ಮಾಡಿಕೊಟ್ಟಿತ್ತು. ಜನ ಕಟ್ಟಿದ ದಂಡದಲ್ಲಿ 36 ಕೋಟಿ ರೂಪಾಯಿಗೂ ಹೆಚ್ಚು ಸರ್ಕಾರದ ಖಾತೆಗೆ ಹೋಗದೆ ಬೇರೆಡೆ ತಿರುಗಿತು ಎಂದು 2023ರಲ್ಲಿ ಆಂಧ್ರ ಪೊಲೀಸರು ಆರೋಪಿಸಿ ಮೊಕದ್ದಮೆ ಹೂಡಿದರು. 2024ರ ವಸಂತದಲ್ಲಿ ಡಿಜಿ ಯಾತ್ರಾ ಬಳಕೆದಾರರಿಗೆ ಹಳೆಯ ಆ್ಯಪ್ ತೆಗೆದುಹಾಕಿ ಹೊಸದನ್ನು ಹಾಕಿಕೊಳ್ಳಿ ಎಂಬ ಸೂಚನೆ ಬಂತು. ಆ್ಯಪ್ ಯಾರದು ಎಂಬ ತಕರಾರು ದೆಹಲಿ ಹೈಕೋರ್ಟಿಗೆ ಹೋಗಿ 2025ರಲ್ಲಿ ಮಧ್ಯಂತರ ಆದೇಶ ಫೌಂಡೇಷನ್ ಪರವಾಗಿ ಬಂತು. ಪ್ರಯಾಣಿಕರ ಗುರುತು ಅವರವರ ಫೋನಿನಲ್ಲೇ ಇರುವುದರಿಂದ ಭಯವಿಲ್ಲ ಎಂದು ಫೌಂಡೇಷನ್ ಹೇಳಿತು. ಇರಬಹುದು. ಅದನ್ನು ಸ್ವತಂತ್ರವಾಗಿ ತಾಳೆ ನೋಡುವ ದಾರಿ ಸಾಮಾನ್ಯ ಪ್ರಯಾಣಿಕರಿಗಿಲ್ಲ ಎಂಬುದು ಮಾತ್ರ ಹಾಗೇ ಉಳಿಯಿತು.

ಒಪ್ಪಿಗೆಯ ಕಥೆಯೂ ಅಷ್ಟು ಸಲೀಸಾಗಿಲ್ಲ. ನೀತಿಯ ಪ್ರಕಾರ ಇದು ಇಷ್ಟವಿದ್ದವರಿಗೆ ಮಾತ್ರ. 2024ರ ಆರಂಭದಲ್ಲಿ ಕೆಲವು ನಿಲ್ದಾಣಗಳ ಬಾಗಿಲಲ್ಲಿ ಸಿಬ್ಬಂದಿ ಏನೆಂದು ಸರಿಯಾಗಿ ಹೇಳದೆಯೇ ಪ್ರಯಾಣಿಕರ ಮುಖ ಸೆರೆಹಿಡಿದು ಸೇರಿಸುತ್ತಿದ್ದಾರೆ ಎಂಬ ದೂರುಗಳು ಬಂದವು. ಬೆಳಗಿನ ವಿಮಾನದ ಆತುರದಲ್ಲಿ, ಸಮವಸ್ತ್ರದವರು ‘ಇಲ್ಲಿ ನೋಡಿ ಸಾರ್’ ಎಂದರೆ ನೋಡದವರು ಕಡಿಮೆ. ಮುಖ ತೋರಿಸುವುದು ಮತ್ತು ಮುಖ ಕೊಡುವುದು ಬೇರೆ ಬೇರೆ ಎಂದು ಆ ಕ್ಷಣದಲ್ಲಿ ಹೊಳೆಯುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾನೂನಿನ ಬಲ ಸಿಕ್ಕಿದ್ದು ಬೆಂಗಳೂರಿನಲ್ಲಿ ವಾಸವಿದ್ದ ಒಬ್ಬ ನಿವೃತ್ತ ನ್ಯಾಯಮೂರ್ತಿಯಿಂದ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ತೀರ್ಪಿನ ಮುಂದಿನ ವರ್ಷವೇ ಡಿಜಿ ಯಾತ್ರಾ ನೀತಿ ಬಂದದ್ದರಿಂದ ಅದರ ಕಾಗದಗಳಲ್ಲಿ ಒಪ್ಪಿಗೆ, ಅಳಿಸುವಿಕೆ, ಫೋನಿನಲ್ಲೇ ಶೇಖರಣೆ ಎಂಬ ಮಾತುಗಳು ಅಷ್ಟು ಎದ್ದು ಕಾಣುತ್ತವೆ ಎಂದು ಊಹಿಸಿದರೆ ತಪ್ಪಾಗದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಭದ್ರತೆಯ ವಾದವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಶಾಖಪಟ್ಟಣದ ನಿಲ್ದಾಣವಿರುವುದು ನೌಕಾಪಡೆಯ ಐಎನ್‌ಎಸ್ ಡೇಗಾ ನೆಲೆಯೊಳಗೆ. ಬೇರೆಯವರ ಟಿಕೆಟ್ಟಿನಲ್ಲಿ ಒಳಬರುವವರನ್ನು ಅಲ್ಲಿ ತಡೆಯಲೇಬೇಕು, ಅದನ್ನು ಮುಖದ ತಾಳೆ ದಣಿದ ಜವಾನನ ಕಣ್ಣಿಗಿಂತ ಚೆನ್ನಾಗಿ ಮಾಡಬಹುದು. ಆದರೆ ಆ ನಿಲ್ದಾಣದ ಚರಿತ್ರೆಯ ಅತಿ ದೊಡ್ಡ ಭದ್ರತಾ ಲೋಪ ಬೇರೆ ಬಗೆಯದು. 2018ರ ಅಕ್ಟೋಬರ್ 25ರಂದು ಅಲ್ಲಿನ ವಿಐಪಿ ಲಾಂಜಿನಲ್ಲಿ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ವೈ.ಎಸ್. ಜಗನ್‌ಮೋಹನ ರೆಡ್ಡಿಯವರ ತೋಳಿಗೆ ಕೋಳಿಪಂದ್ಯದ ಪುಟ್ಟ ಕತ್ತಿಯಿಂದ ಇರಿತವಾಯಿತು. ಬಂಧಿತನಾದವನು ನಿಲ್ದಾಣದ ಕ್ಯಾಂಟೀನಿನಲ್ಲೇ ಕೆಲಸಕ್ಕಿದ್ದವನು. ಅವನ ಮುಖ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ವರದಿಗಳ ಪ್ರಕಾರ ಸೆಲ್ಫಿ ಕೇಳುತ್ತ ಹತ್ತಿರ ಬಂದಿದ್ದ.

ಸಿ.ಆರ್. ರಾವ್ 2023ರ ಆಗಸ್ಟ್ 22ರಂದು ಅಮೆರಿಕದ ಬಫಲೋದಲ್ಲಿ ನಿಧನರಾದರು. ನೂರಾ ಎರಡು ವರ್ಷ ದಾಟಿತ್ತು. ಆ ವರ್ಷವೇ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದಿತ್ತು. ಆ ಹೊತ್ತಿಗೆ ಅವರು ಬಾಲ್ಯದಲ್ಲಿ ಓದಿದ ನೂಜಿವೀಡಿನಿಂದ ಬಹಳ ದೂರವಲ್ಲದ ಗನ್ನವರಂನಲ್ಲಿ ಮುಖದ ಬಾಗಿಲು ತೆರೆದು ಕೆಲವು ತಿಂಗಳಾಗಿತ್ತು.

ಡಿಜಿ ಯಾತ್ರಾ ಇದುವರೆಗೆ ದೇಶದೊಳಗಿನ ಪಯಣಕ್ಕೆ. ಗಡಿಯ ಬಾಗಿಲು ಬೇರೆ. 2025ರ ಜನವರಿಯಿಂದ ಬೆಂಗಳೂರು, ಹೈದರಾಬಾದ್, ಚೆನ್ನೈ ಮೊದಲಾದೆಡೆ ಮೊದಲೇ ಬೆರಳಚ್ಚು, ಮುಖ ಕೊಟ್ಟ ಭಾರತೀಯರು ವಲಸೆ ತಪಾಸಣೆಯಲ್ಲಿ ಸ್ವಯಂಚಾಲಿತ ಗೇಟಿನಿಂದ ಹಾದುಹೋಗಬಹುದು. ಬೇಡವೆಂದರೆ ಅಧಿಕಾರಿಯ ಸಾಲಿದೆ. ಆಚೆ ತುದಿಯಲ್ಲಿ ಈ ಆಯ್ಕೆಯಿಲ್ಲ. 2025ರ ಅಕ್ಟೋಬರ್ 12ರಿಂದ ಯುರೋಪಿನ ಷೆಂಗೆನ್ ಗಡಿಗಳಲ್ಲಿ ಹಂತಹಂತವಾಗಿ ಬಂದಿರುವ ಹೊಸ ವ್ಯವಸ್ಥೆಯಲ್ಲಿ ಭಾರತದ ಪಾಸ್‌ಪೋರ್ಟಿನವರು ಮುಖದ ಚಿತ್ರ ಕೊಡದೆ ಒಳಗೆ ಹೋಗುವಂತಿಲ್ಲ. ಬೆರಳಚ್ಚು ವೀಸಾ ಕೊಡುವಾಗಲೇ ಅವರ ಬಳಿ ಹೋಗಿರುತ್ತದೆ. ಚಿತ್ರವನ್ನು ಅವರು ಇಟ್ಟುಕೊಳ್ಳುವುದು ಪ್ರಯಾಣಿಕ ಹೊರಟು ಹೋದ ಮೇಲೆ 24 ಗಂಟೆಯಲ್ಲ, ಮೂರು ವರ್ಷ.